ಹೊಸ ಮಡಕೆ ಒಡೆಯಬಾರದು

ಪರದೇಶದವರ ಜೊತೆ ಒಡನಾಟ ಇಟ್ಟುಕೊಂಡವನಿಗೆ ಇಂಥವು ತಪ್ಪಿದ್ದಲ್ಲ. ಅವರು ಒಳ್ಳೆಯದಕ್ಕೆ ಮಾಡಿದ್ದು ನಮಗೆ ಅಪಶಕುನವಾಗಿ ಕಾಣುತ್ತದೆ, ನಾವು ಒಳ್ಳೆಯದಕ್ಕೆ ಮಾಡಿದ್ದು ಅವರ ಹೊಟ್ಟೆ ಕೆಡಿಸುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಗ್ರಾಮಸೇವಕ. ಅಂಜನಾಪುರ ಜಲಾಶಯದ ನೀರು ಹರಿಯುವ ಜಮೀನಿನಲ್ಲಿ ಹೊಸ ಮೆಕ್ಕೆಜೋಳ ಬೆಳೆದು ತೋರಿಸಲು ಮೆಕ್ಸಿಕೋದಿಂದ ಒಬ್ಬ ತಜ್ಞರು ಹೆಂಡತಿ, ಮಗನ ಸಮೇತ ಬಂದರು. ಇಂಗ್ಲಿಷ್ ಬರುವವರು ಊರಲ್ಲಿ ಬೇರೆಯವರೂ ಇದ್ದರು. ಕೆಲಸ ಇಲ್ಲದವನು ನಾನೊಬ್ಬನೇ ಅಂತ ನಮ್ಮ ಸಾಹೇಬರು ತೀರ್ಮಾನಿಸಿ ನನ್ನನ್ನು ಅವರ ಜೊತೆ ಬಿಟ್ಟರು.

ಹುಡುಗನಿಗೆ ಐದು ವರ್ಷ. ಬೀದಿಯ ಮಕ್ಕಳು ಬೇಲಿಗೆ ಜೋತುಬಿದ್ದು ಅವನನ್ನು ನೋಡುತ್ತಿದ್ದವು, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಅವನಿಗೆ ಆರು ತುಂಬುತ್ತಿತ್ತು. ಆ ದಿನ ಬೀದಿಯ ಮಕ್ಕಳೆಲ್ಲ ತಮ್ಮ ಮನೆಗೆ ಬರಬೇಕು, ಮಗ ಅವರ ಜೊತೆ ಆಡಬೇಕು. ಆ ತಾಯಿಯ ಆಸೆ ಅದೊಂದೇ. ಬಂದ ವಾರದಲ್ಲೇ ನನಗೆ ಹೇಳಿಬಿಟ್ಟಿದ್ದರು.

೧. ಮನೆ ಯಾರದು

ಮನೆಗೆ ಬಂದವರಿಗೆ "ಇದು ನಿಮ್ಮದೇ ಮನೆ" ಅನ್ನುವುದು ಅವರಲ್ಲಿ ಮರ್ಯಾದೆ. ಮೊದಲು ಬಂದವರು ಅವರು ಬಾಡಿಗೆಗಿದ್ದ ಮನೆಯ ಮಾಲೀಕರು, ಪೇಟೆಯಲ್ಲಿ ಕಿರಾಣಿ ಅಂಗಡಿಯವರು. ತಜ್ಞರ ಹೆಂಡತಿ ಎದೆ ಮೇಲೆ ಕೈಯಿಟ್ಟು ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಇದು ನಿಮ್ಮದೇ ಮನೆಯಂತೆ."

ಮಾಲೀಕರ ಮುಖ ಬಿಗಿದುಕೊಂಡಿತು. "ಅದರಾಗ ಏನು ಅನುಮಾನ ರೀ? ನಮ್ಮಪ್ಪ ಕಟ್ಟಿಸಿದ್ದು."

ಅದು ಅವರ ಪದ್ಧತಿ ಅಂತ ತಿಳಿಸಿ ಹೇಳಿದೆ. ತಿಳಿಸಿದ್ದು ಹೆಚ್ಚಾಯಿತು. ಮರುದಿನದಿಂದ ಅವರು ಬೆಳಿಗ್ಗೆ ಅಲ್ಲೇ ಜಗಲಿಯಲ್ಲಿ ಕೂತು ಪೇಪರ್ ಓದಿದರು, ಅಲ್ಲೇ ಕಾಫಿ ಕುಡಿದರು, ಸಕ್ಕರೆ ಕಮ್ಮಿಯಾಯಿತು ಅಂತಲೂ ಹೇಳಿ ಕಳಿಸಿದರು. ನನಗೆ ನಾಚಿಕೆಯಾಗಿ ತಜ್ಞರ ಹತ್ತಿರ ಕ್ಷಮೆ ಕೇಳಿದೆ.

"ಛೇ, ಛೇ," ಅಂದರು ಅವರು. "ಆ ಮಾತನ್ನು ನಂಬಿದವರು ನಮ್ಮ ದೇಶದಲ್ಲೂ ಯಾರೂ ಸಿಕ್ಕಿರಲಿಲ್ಲ."

೨. ಎಲೆ ಖಾಲಿ

ನನ್ನ ಹೆಂಡತಿಯ ತವರು ಸೊರಬದ ಹತ್ತಿರ ಕುಪ್ಪಗಡ್ಡೆ. ಅತ್ತೆ ತಜ್ಞರ ಸಂಸಾರವನ್ನು ಊಟಕ್ಕೆ ಕರೆದರು. ಬಡಿಸಿದ್ದನ್ನು ಬಿಟ್ಟರೆ ಮನೆಯಾಕೆಗೆ ಅವಮಾನ ಅನ್ನುವುದು ಮೆಕ್ಸಿಕೋದವರ ನಂಬಿಕೆ. ಎಲೆ ಖಾಲಿಯಾದರೆ ನೆಂಟರಿಗೆ ಇನ್ನೂ ಹಸಿವು ಅನ್ನುವುದು ನಮ್ಮತ್ತೆಯ ನಂಬಿಕೆ. ಹೋಳಿಗೆ ಬಿತ್ತು, ಖಾಲಿಯಾಯಿತು. ಮತ್ತೆ ಬಿತ್ತು, ಮತ್ತೆ ಖಾಲಿ. ನಡುವೆ ಕೂತ ನಾನು ಇಬ್ಬರಿಗೂ ಹೇಳಿದೆ, ಇಬ್ಬರೂ ಕೇಳಲಿಲ್ಲ. ಒಂಬತ್ತನೆಯದಕ್ಕೆ ತಜ್ಞರ ಕಣ್ಣಲ್ಲಿ ನೀರು ಬಂತು.

ಅವರನ್ನು ಕಳಿಸಿ ಬಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಪಾಪ, ಅಳಿಯಂದಿರೇ, ಅವರ ದೇಶದಲ್ಲಿ ಬರಗಾಲ ಇರಬೇಕು."

೩. ಮಡಕೆ

ಹುಟ್ಟುಹಬ್ಬಕ್ಕೆ ಅವರಲ್ಲಿ ಒಂದು ಆಟ. ಮಣ್ಣಿನ ಮಡಕೆಗೆ ಬಣ್ಣದ ಕಾಗದ ಅಂಟಿಸಿ, ಒಳಗೆ ಮಿಠಾಯಿ ತುಂಬಿ, ಮರಕ್ಕೆ ತೂಗುಹಾಕುತ್ತಾರೆ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಒಡೆಯಬೇಕು. ಆ ತಾಯಿ ಕುಂಬಾರರಿಂದ ಹೊಸ ಮಡಕೆ ತರಿಸಿ ವಾರಪೂರ್ತಿ ಕೂತು ಕಾಗದ ಕತ್ತರಿಸಿದರು. ನಾನು ದೊಡ್ಡ ಜಾಣ, ಬೀದಿಯಲ್ಲಿ ಮನೆಮನೆಗೂ ಹೋಗಿ ಇದನ್ನೆಲ್ಲ ವಿವರಿಸಿ ಕರೆದುಬಂದೆ.

ಪಕ್ಕದ ಮನೆ ಅಜ್ಜಿ ನನ್ನನ್ನು ನಿಲ್ಲಿಸಿದರು. "ಹೊಸ ಮಡಿಕಿ ಎಲ್ಲಿ ಒಡೀತಾರೆ ಅಂತ ಗೊತ್ತೈತೇನಪ್ಪ ನಿನಗೆ? ಸುಡುಗಾಡದಾಗ. ಹುಟ್ಟಿದ ದಿನ ಕೂಸಿನ ಕೈಯಾಗ ಅದನ್ನ ಮಾಡಿಸ್ತಾರೇನು?"

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಅಂದರು. ನಮ್ಮ ದೊಡ್ಡ ಮಗ ಜ್ವರ ಬಂದು ತೀರಿಕೊಂಡು ಎರಡು ವರ್ಷ ಆಗಿತ್ತು, ಅವನಿಗೂ ಆಗ ಆರೇ. ಆಮೇಲೆ ನನ್ನ ಹೆಂಡತಿ ಯಾವ ಮಗುವಿನ ಶುಭಕಾರ್ಯಕ್ಕೂ ಹೋದವಳಲ್ಲ. ಅವಳನ್ನು ಕರೆಯುವ ಧೈರ್ಯ ನನಗಾಗಲಿಲ್ಲ, ಆ ತಾಯಿಗೆ ನಿಜ ಹೇಳುವ ಧೈರ್ಯವೂ ಆಗಲಿಲ್ಲ.

ಆ ದಿನ ನಾಲ್ಕು ಗಂಟೆಗೆ ಅಂಗಳದಲ್ಲಿ ಚಾಪೆ ಹಾಸಿತ್ತು, ಮಡಕೆ ತೂಗುತ್ತಿತ್ತು. ಬಂದವನು ನಾನೊಬ್ಬನೇ. ಮಾಲೀಕರು ಹೇಗೂ ಅಲ್ಲೇ ಇದ್ದರು.

"ಮಕ್ಕಳು ಯಾವಾಗ ಬರ್ತಾರೆ?" ಅಂತ ಆಕೆ ಕೇಳಿದರು. ನನ್ನಲ್ಲಿ ಗಡಿಯಾರ ಇರಲಿಲ್ಲ, ಆದರೂ ಮಣಿಕಟ್ಟು ನೋಡಿಕೊಂಡೆ. ಹುಡುಗ ಬೇಲಿ ಹತ್ತಿರ ಹೋಗಿ ನಿಂತ.

ಆಗ ನನ್ನ ಹೆಂಡತಿ ಬಂದಳು. ಒಂದು ಕೈಯಲ್ಲಿ ಮಗಳು, ಸೊಂಟದ ಮೇಲೆ ನಮ್ಮ ಮನೆಯ ಮಸಿಹಿಡಿದ ಸಾರಿನ ಮಡಕೆ.

"ಹೊಸದು ಒಡೀಬಾರದು ಅಂತ ತಾನೆ ಇವರೆಲ್ಲ ಅನ್ನೋದು?" ಅಂದಳು, ಬೀದಿಗೆಲ್ಲ ಕೇಳುವ ಹಾಗೆ. "ಇದರಲ್ಲಿ ಹತ್ತು ವರ್ಷ ಸಾರು ಕಾಯಿಸಿದೀನಿ. ಸುಡುಗಾಡಿಗೆ ಇಂಥದ್ದನ್ನ ಯಾರೂ ಒಯ್ಯಲ್ಲ. ಇದನ್ನ ಒಡೀಲಿ."

ಪಕ್ಕದ ಮನೆ ಅಜ್ಜಿ ಬಂದು ಮಡಕೆಯ ಮಸಿಯನ್ನು ಬೆರಳಲ್ಲಿ ಒರೆಸಿ ನೋಡಿದರು. "ಹಳೇದಾದ್ರ ದೋಷ ಇಲ್ಲ," ಅಂದರು. ಅಷ್ಟೇ ಸಾಕಾಯಿತು. ಮಕ್ಕಳು ಬೇಲಿ ಹಾರಿಯೇ ಬಂದವು.

ಮಿಠಾಯಿಯನ್ನು ಹೊಸ ಮಡಕೆಯಿಂದ ಹಳೆಯದಕ್ಕೆ ಸುರಿದು ಅದನ್ನು ತೂಗುಹಾಕಿದೆವು. ಹತ್ತು ವರ್ಷ ಬೆಂಕಿ ಉಂಡ ಮಡಕೆ, ಜಪ್ಪಯ್ಯ ಅನ್ನಲಿಲ್ಲ. ಮಕ್ಕಳೆಲ್ಲ ಹೊಡೆದು ಸುಸ್ತಾದವು. ಮಾಲೀಕರು ತಮ್ಮ ಟೋಪಿಯನ್ನೇ ಹೊಡೆದುಕೊಂಡರು. ಮಾಲೀಕರು ತಮ್ಮ ಟೋಪಿಯನ್ನೇ ಹೊಡೆದುಕೊಂಡರು. ಕೊನೆಗೆ ಆ ತಾಯಿ ಇನ್ನೊಂದು ಕೋಲು ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿದರು. ಎರಡು ಏಟು ಗಾಳಿಗೆ ಹೋದವು. ಮೂರನೆಯದಕ್ಕೆ ಮಡಕೆ ಹೋಳಾಗಿ ಅವಳ ತಲೆ ಮೇಲೆ ಬತ್ತಾಸು, ಪೆಪ್ಪರಮೆಂಟು ಸುರಿಯಿತು. ಹುಡುಗ ಎಲ್ಲರಿಗಿಂತ ಮೊದಲು ಅವಳ ಕಾಲಬುಡಕ್ಕೆ ನುಗ್ಗಿದ, ಅವನ ಮೇಲೆ ಬೀದಿಯ ಮಕ್ಕಳೆಲ್ಲ ಬಿದ್ದವು. ನನ್ನ ಹೆಂಡತಿ ಗಟ್ಟಿಯಾಗಿ ನಕ್ಕಳು. ಎರಡು ವರ್ಷ ಆಗಿತ್ತು ಆ ನಗು ಕೇಳಿ. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಕಣ್ಣಿನ ಬಟ್ಟೆ ಬಿಚ್ಚಿಕೊಂಡು ಅವಳು ಚೂರುಗಳನ್ನು ನೋಡಿದಳು. "ಅಯ್ಯೋ ರೀ, ನಾಳೆ ಸಾರು ಯಾವುದರಲ್ಲಿ ಮಾಡಲಿ?"

ಅದನ್ನು ನಾನು ಇಂಗ್ಲಿಷಿನಲ್ಲಿ ತಿಳಿಸುತ್ತಲೇ ಆ ತಾಯಿ ಒಳಗೆ ಓಡಿ, ಬಣ್ಣದ ಕಾಗದ ಹಾಗೇ ಅಂಟಿದ್ದ ಹೊಸ ಮಡಕೆ ತಂದು ಅವಳ ಕೈಗಿಟ್ಟರು. ನನ್ನ ಹೆಂಡತಿ ಅದನ್ನು ಬೆರಳಿಂದ ತಟ್ಟಿ ನೋಡಿ, ಗಂಭೀರವಾಗಿ ನನಗೆ ಹೇಳಿದಳು.

"ವರ್ಷಪೂರ್ತಿ ಒಲೆ ಮೇಲಿಟ್ಟು ಹಳೇದು ಮಾಡಿಕೊಡ್ತೀನಿ ಅಂತ ಹೇಳ್ರೀ. ಹುಡುಗನಿಗೆ ಏಳು ತುಂಬಿದಾಗ ಒಡೆಯೋಕೆ ಬೇಕಲ್ಲ."