ಗಂಜಿಯ ಬೆನ್ನು ಹತ್ತಿದ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುತ್ತಿದ್ದುದು ಮನೆಯವರ ಕ್ಷೇಮವನ್ನಲ್ಲ, ಅನ್ನ ಬಸಿದ ಗಂಜಿಯ ಕ್ಷೇಮವನ್ನು! ಅದನ್ನು ಬಚ್ಚಲಿಗೆ ಚೆಲ್ಲಿದ್ದಾರೆಂದು ತಿಳಿದರೆ ಸ್ವಂತ ಆಸ್ತಿ ಹರಾಜಾದಷ್ಟು ಸಂಕಟಪಡುತ್ತಿದ್ದರು. ಊಟದ ಜೀವಸತ್ವವೆಲ್ಲ ನೀವು ಚೆಲ್ಲುವ ನೀರಿನಲ್ಲಿ, ಬಿಸಾಡುವ ಸಿಪ್ಪೆಯಲ್ಲಿ ಹೋಗುತ್ತದೆ ಎಂದು ಮಧುಗಿರಿಯಲ್ಲಿ ಡಾಕ್ಟರೊಬ್ಬರು ಹೇಳಿದ್ದೇ ತಡ, ಮಾವನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಜವಳಿ ಗಂಟು ಹೊತ್ತು ಕೊರಟಗೆರೆ, ಸಿರಾ ಸುತ್ತುತ್ತಿದ್ದವರು ಸೀರೆ ಮಾರುವುದು ಮರೆತು ಅಡುಗೆಮನೆಗಳಲ್ಲಿ ಇಣುಕತೊಡಗಿದರು. ಉಣ್ಣುವಾಗಲೂ ಅರ್ಧಕ್ಕೆ ಎದ್ದು ಪಕ್ಕದವರ ಎಲೆಯಲ್ಲಿ ಸೊಪ್ಪಿದೆಯೇ ಎಂದು ನೋಡಿ ಬರುತ್ತಿದ್ದರು.

ಸಿರಾದ ಮದುವೆಯೊಂದರಲ್ಲಿ ಒಲೆಯ ಮುಂದೆ ಅಡ್ಡ ನಿಂತು ಅನ್ನ ಬಸಿಯಲು ಬಿಡಲೇ ಇಲ್ಲ. ಅಷ್ಟೂ ಅನ್ನ ಅಂಟಿಕೊಂಡು ಮುದ್ದೆಯಾಯಿತು. ಗಂಡಿನ ತಂದೆ ಒಂದು ತುತ್ತು ಬಾಯಿಗಿಟ್ಟು, ಪಾಯಸಕ್ಕೆ ಬೆಲ್ಲ ಹಾಕುವುದು ಮರೆತಿರಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು!

ಮಿಲ್ಲಿನ ಬಿಳಿ ಅಕ್ಕಿ ತಿನ್ನುವುದೇ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲಿ ಮಾವ ಮಿಲ್ಲಿನಿಂದ ತೌಡು ತಂದು ರೊಟ್ಟಿ ತಟ್ಟಿಸಿದರು. ಅದು ಮುಗಿದ ಮೇಲೆ ಹಸುವಿನ ಪಾಲಿನದಕ್ಕೂ ಕೈ ಹಾಕಿದರು. ನಮ್ಮತ್ತೆ ಚೆಂಬು ಹಿಡಿದುಕೊಂಡು ಬಂದು, "ಹಸೂನ ತೌಡು ನಿಮ್ಮಾವ ತಿಂದವ್ರೆ. ಈಗ ಹಾಲು ಯಾರತ್ರ ಕರೀಲಿ, ನೀನೇ ಯೋಳವ್ವ" ಎಂದು ನನ್ನನ್ನೇ ಕೇಳಿದರು.

ಇಂಥವರ ಕೈಗೆ ನಾನೂ ಸಿಕ್ಕಿಕೊಂಡೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಹೊತ್ತು ಮುಳುಗಿತೆಂದರೆ ನನಗೆ ಕಣ್ಣು ಕಾಣುತ್ತಿರಲಿಲ್ಲ. ದೀಪ ಹಚ್ಚಿದರೂ ಮಗುವಿನ ಮುಖ ಬರೀ ಮಬ್ಬು. ಒಂದು ಸಂಜೆ ಮಗು ಅಳುತ್ತಿದ್ದಾಗ ತೊಟ್ಟಿಲೆಂದು ತಡವಿ ಕೆಂಡದ ಅಗ್ಗಿಷ್ಟಿಕೆಗೆ ಕೈಯಿಟ್ಟೆ. ಕೈ ಸುಟ್ಟದ್ದಕ್ಕಿಂತ, ಮುಂದೆ ಮಗುವನ್ನೇ ಎಲ್ಲಿ ಎತ್ತಿಹಾಕುತ್ತೇನೋ ಎಂದು ಹೆದರಿ ಅತ್ತುಬಿಟ್ಟೆ.

ಸುದ್ದಿ ಕೇಳಿದ ಮಾವ ಪುರವರದಿಂದ ಒಂದು ಹೊರೆ ನುಗ್ಗೆಸೊಪ್ಪು ತಂದರು. ಇರುಳುಗಣ್ಣಿಗೆ ಸೊಪ್ಪು ತಿನ್ನಿಸಿ ಎಂದು ಆ ಡಾಕ್ಟರೇ ಹೇಳಿದ್ದರಂತೆ. ಆದರೆ ಬಾಣಂತಿಯ ಪಥ್ಯ ನಮ್ಮಜ್ಜಿಯ ಕೈಯಲ್ಲಿತ್ತು: ಅನ್ನ, ಮೆಣಸಿನ ಸಾರು, ಅಷ್ಟೇ. ಬಾಣಂತಿ ಸೊಪ್ಪು ತಿಂದರೆ ಕೂಸಿನ ಹೊಟ್ಟೆ ಕೆಡುತ್ತದೆಂದು ಅಜ್ಜಿ ಅಷ್ಟನ್ನೂ ದನದ ಮುಂದೆ ಹಾಕಿದರು. ಮಾವ ಹಿತ್ತಲಿಗೂ ಪಡಸಾಲೆಗೂ ತಿರುಗಿದರು, ಗೋಗರೆದರು, ರೇಗಿದರು. ಹೆತ್ತ ಮಗನ ಮಾತಿಗೂ ಅಜ್ಜಿ ಜಗ್ಗಲಿಲ್ಲ.

"ಆಯ್ತು ಬುಡವ್ವ. ಅವ್ಳು ತಿನ್ನೋಗಂಟ ನಂಗೂ ಏನೂ ಬ್ಯಾಡ" ಎಂದವರೇ ಜಗಲಿಯ ಮೇಲೆ ಕೂತರು. ಕೂತೇಬಿಟ್ಟರು! ಊರಿನವರ ಊಟವನ್ನೆಲ್ಲ ವಿಚಾರಿಸುತ್ತಿದ್ದ ಮಾವ ರಾತ್ರಿ ಮುದ್ದೆ ಮುಟ್ಟಲಿಲ್ಲ, ಬೆಳಗ್ಗೆ ನೀರು ಮಜ್ಜಿಗೆಯೂ ಬೇಡವೆಂದರು. ಒಂದು ಗಳಿಗೆ ಕೂರದ ಮಗ ಹಾಗೆ ಅಲ್ಲಾಡದೆ ಕೂತದ್ದು ಕಂಡು ಅಜ್ಜಿಗೆ ಜೀವ ಹಾರಿಹೋದಂತಾಯಿತು. ಮಧ್ಯಾಹ್ನ ಗೊಣಗುತ್ತಲೇ ಸೊಪ್ಪು ತರಿಸಿ ಬಿಡಿಸಿದರು, ತುಪ್ಪ ಹಾಕಿ ಪಲ್ಯ ಮಾಡಿ ನನಗೆ ಬಡಿಸಿದರು. ಮಗುವಿನ ಹೊಟ್ಟೆಗೆ ಏನೂ ಆಗಲಿಲ್ಲ. ದಿನವೂ ಬಡಿಸಿದರು.

ಕೆಲವು ವಾರಗಳ ಮೇಲೆ ಒಂದು ಮುಸ್ಸಂಜೆ ಮಾವ ಕೋಣೆಯ ಹೊಸಿಲಾಚೆ ಬಂದು ನಿಂತರು.

"ಈಗ ಹೆಂಗವ್ವ? ಮಗೀನ ಮಖ ಕಾಣ್ತದಾ?"

"ಕಾಣ್ತದೆ ಮಾವ," ಎಂದೆ. "ನೀವು ಅಳೋದೂ ಕಾಣ್ತದೆ."