ವಯಸ್ಸಿಗೆ ತಕ್ಕ ಮೂಟೆ

ಐವತ್ತು ದಾಟಿದ ಗಂಡಸಿಗೆ ಜಗತ್ತು ಒಂದಿಷ್ಟು ರಿಯಾಯಿತಿ ಕೊಡಬೇಕೆಂಬುದು ನನ್ನ ದೃಢವಾದ ನಂಬಿಕೆ. ಬಸ್ಸಿನಲ್ಲಿ ಸೀಟು, ಮದುವೆಮನೆಯಲ್ಲಿ ಮೊದಲ ಪಂಕ್ತಿ, ಇಷ್ಟಾದರೂ ಬೇಡವೇ? ತಾನಾಗಿ ಯಾರೂ ಕೊಡಲಿಲ್ಲ. ನಾನೇ ಕೇಳಿ ಪಡೆಯಲು ಹೊರಟೆ; ಕೆಟ್ಟಿದ್ದು ಅಲ್ಲೇ.

ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ನಾನು. ಕಾಫಿ ಹಣ್ಣಿನ ಪಿಕಿಂಗ್ ಮುಗಿದ ಮೇಲೆ ನಮ್ಮಲ್ಲಿ ಆಟೋಟ. ಕಾಫಿ ಒಣಗಿಸುವ ಕಣದ ಸುತ್ತ ಮೂಟೆ ಹೊತ್ತು ಓಡುವುದೇ ದೊಡ್ಡ ಪಂದ್ಯ. ಪ್ರತಿವರ್ಷ ಜೀಪ್ ಡ್ರೈವರ್ ಬೋಪಣ್ಣ ಗೆಲ್ಲುತ್ತಾನೆ; ಮಂಡಿ, ಬಿ.ಪಿ., ಎದೆಬಡಿತಗಳನ್ನು ದಾರಿಯುದ್ದಕ್ಕೂ ವಿಚಾರಿಸಿಕೊಳ್ಳುತ್ತ ನಾನು ಕೊನೆಗೆ ಬರುತ್ತೇನೆ. ಈ ಸಲ ಬಹುಮಾನ ಪ್ರೆಶರ್ ಕುಕ್ಕರ್. "ಕುಕ್ಕರ್ ನಮ್ಮನೆಗೇ ಬರುತ್ತೆ, ನೋಡ್ತಿರು" ಎಂದು ಹೆಂಡತಿ ಗಿರಿಜೆಗೆ ಮಾತು ಕೊಟ್ಟೆ. "ಮೊದಲು ನೀವು ನೆಟ್ಟಗೆ ಬನ್ನಿ" ಎಂದಳು.

ನನ್ನ ಧೈರ್ಯಕ್ಕೆ ಕಾರಣ ಶನಿವಾರಸಂತೆಯ ನಮ್ಮ ಮಾವ. ಮೈಸೂರಿನಲ್ಲಿ ರೇಸ್ ಕುದುರೆಗಳ ಲಾಯದಲ್ಲಿ ಅರ್ಧ ಆಯಸ್ಸು ಕಳೆದವರು. ಒಮ್ಮೆ ಕಾಫಿ ಕುಡಿಯುತ್ತ, "ಎಲ್ಲಾ ಕುದುರೆಗೂ ಒಂದೇ ಭಾರ ಹೊರಿಸಲ್ಲ. ವಯಸ್ಸು ನೋಡಿ ಹೊರಿಸ್ತಾರೆ. ಕಮ್ಮಿ ಬಿದ್ರೆ ಜೀನಿಗೆ ಸೀಸದ ತುಂಡು ಸಿಗಿಸ್ತಾರೆ" ಎಂದಿದ್ದರು. ಅಷ್ಟು ಕೇಳಿ ಎದ್ದುಬಿಟ್ಟೆ. ಉಳಿದದ್ದನ್ನು, ವಯಸ್ಸಾದಷ್ಟೂ ಭಾರ ಕಮ್ಮಿ ಎಂದು, ನನಗೆ ಬೇಕಾದಂತೆ ತುಂಬಿಕೊಂಡೆ. "ಕುದುರೆ ರೇಸಿನ ನಿಯಮದಂತೆ ವಯಸ್ಸಿಗೆ ತಕ್ಕ ಭಾರ. ತೀರ್ಪುಗಾರರು ನಮ್ಮ ಮಾವನವರು" ಎಂದು ನೋಟೀಸು ಬರೆದು, ಮ್ಯಾನೇಜರರ ಸಹಿ ಹಾಕಿಸಿ, ಆಫೀಸಿನ ಗೋಡೆಗೆ ಅಂಟಿಸಿದೆ.

ಪಂದ್ಯದ ದಿನ ಮಾವ ತಕ್ಕಡಿಯ ಪಕ್ಕ ಕುರ್ಚಿ ಹಾಕಿ ಕೂತರು. ಮೊದಲು ಬೋಪಣ್ಣ.

"ವಯಸ್ಸೆಷ್ಟಪ್ಪ?"

"ಇಪ್ಪತ್ತೆರಡು."

"ಎಳೇದು. ಮೂಳೆ ಇನ್ನೂ ಬಲೀಬೇಕು. ಹತ್ತು ಕೆ.ಜಿ."

"ಮಾವ, ಉಲ್ಟಾ ಆಯ್ತು!" ಎಂದು ಕೂಗಿದೆ.

"ಇಲ್ಲ ಅಳಿಯಂದ್ರೇ. ಎಳೇದಕ್ಕೆ ಕಮ್ಮಿ, ಬಲಿತದ್ದಕ್ಕೆ ಪೂರ್ತಿ. ಎಳೇದು ಬೆಳೀತಾ ಬಂದ ಹಾಗೆ ರಿಯಾಯಿತಿ ಇಳಿಸ್ತಾ ಹೋಗ್ತಾರೆ. ನಿಮಗೆ ಇಪ್ಪತ್ತು."

"ಮುದಿ ಕುದುರೆಗೆ ಏನೂ ಇಲ್ವಾ?"

"ಅದನ್ನ ಓಡ್ಸೋದೇ ಇಲ್ಲ, ಹುಲ್ಲು ಮೇಯೋಕೆ ಬಿಡ್ತಾರೆ. ನಿಮ್ಮನ್ನೂ ಬಿಡ್ಲಾ?"

ಕಣವೆಲ್ಲ ನಕ್ಕಿತು. "ನೋಟೀಸ್ ಬರೆದೋರು ನೀವೇ ಅಲ್ವಾ ರೈಟ್ರೇ?" ಎಂದ ಬೋಪಣ್ಣ. ಹುಲ್ಲಿಗಿಂತ ಮೂಟೆ ವಾಸಿ ಎಂದು ಹೆಗಲು ಕೊಟ್ಟೆ. ಅಷ್ಟರಲ್ಲಿ ಗಿರಿಜೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಅಪ್ಪಾ, ಹೆಣ್ಣು ಕುದುರೆಗೆ?"

"ರಿಯಾಯಿತಿ ಇದೆಯಮ್ಮ. ನೀನು ಹದಿನೇಳು ಹೊರು."

ಸೀಟಿ ಕೇಳಿಸಿತು. ಬೋಪಣ್ಣ ಹಾರಿಕೊಂಡು ಹೋದ. ಗಿರಿಜೆ ನೀರಿನ ಕೊಡ ಹೊತ್ತವಳಂತೆ ಸಲೀಸಾಗಿ ಅವನ ಬೆನ್ನಿಗೇ ಸಾಗಿದಳು. ನಾನು ಎದೆಬಡಿತ ಎಣಿಸುತ್ತ ತೂರಾಡಿದೆ. ಕೊನೆಯ ತಿರುವಿನಲ್ಲಿ ಬೋಪಣ್ಣ ನನ್ನ ಅವಸ್ಥೆ ನೋಡಲು ಹಿಂದಕ್ಕೆ ತಿರುಗಿದ, ನಗು ತಡೆಯಲಾರದೆ ಎಡವಿ ಮೂಟೆಸಮೇತ ಕೂತುಬಿಟ್ಟ. ಅವನು ಏಳುವಷ್ಟರಲ್ಲಿ ಗಿರಿಜೆ ಗೆರೆ ದಾಟಿದ್ದಳು.

ಆ ಗೆಲುವಿನಲ್ಲಿ ನನ್ನ ಪಾತ್ರ ಸಣ್ಣದಲ್ಲವೆಂದು ಈಗಲೂ ವಾದಿಸುತ್ತೇನೆ. ಕುಕ್ಕರ್ ನಮ್ಮನೆಗೇ ಬರುತ್ತದೆ ಎಂದಿದ್ದೆ; ಬಂತು. ಏರುದಾರಿಯುದ್ದಕ್ಕೂ ಅದನ್ನು ಹೊತ್ತವನು ನಾನು. ಸ್ವಲ್ಪ ದೂರ ನೀನು ಹೊರು ಎಂದದ್ದಕ್ಕೆ ಗಿರಿಜೆ, "ಬಲಿತದ್ದಕ್ಕೆ ಪೂರ್ತಿ ಭಾರ ಕಣ್ರೀ" ಎಂದು ಮುಂದೆ ನಡೆದಳು. ದಾರಿಯ ಬದಿಯ ಹುಲ್ಲು ಮಾತ್ರ ಆವತ್ತು ಬಹಳ ಹಸಿರಾಗಿ ಕಾಣುತ್ತಿತ್ತು.