‘ಮಿಂಚಿನ ಗಾಲಿ’ ಎರಡನೇ ಭಾಗದಲ್ಲಿ ಹಾರ್ನ್ ಇಲ್ಲದಿರುವುದೂ ಸೇರಿದಂತೆ ಗುಣಮಟ್ಟ ಕುಸಿತದ ಕುರಿತು

ಸಂಖ್ಯೆ: ಮನರಂಜನೆ/ಕಾರು/ಭಾಗ-೨/ತುರ್ತು
ಸ್ಥಳ: ಚಿಕ್ಕಮಗಳೂರು

ವಿಷಯ: ಸಿಬ್ಬಂದಿ ಮನರಂಜನಾ ಕೊಠಡಿಯ ವಿಡಿಯೊ ಗೇಮಿನ ಎರಡನೇ ಭಾಗವು ಮೊದಲನೆಯದಕ್ಕಿಂತ ಮೇಲೋ ಕೀಳೋ ಎಂಬುದನ್ನು ತೀರ್ಮಾನಿಸುವ ಬಗ್ಗೆ.

ಉಲ್ಲೇಖ: ೧) ಅಧೀಕ್ಷಕರಾದ ಶ್ರೀ ದಾಮೋದರ ಅವರ ಮೌಖಿಕ ಅಸಮಾಧಾನ.
೨) ಅದೇ ಅಸಮಾಧಾನ, ಊಟದ ನಂತರ.

ಮೇಲ್ಕಂಡ ವಿಷಯವು ಕಚೇರಿಯ ಶಾಂತಿ, ಶಿಸ್ತು ಹಾಗೂ ವಾರ್ಷಿಕ ಪಂದ್ಯದ ಕಪ್‌ಗೆ ಸಂಬಂಧಿಸಿದ್ದಾದ್ದರಿಂದ ಉಳಿದೆಲ್ಲ ಕಡತಗಳನ್ನು ಬದಿಗಿರಿಸಿ ಇದನ್ನು ಕೈಗೆತ್ತಿಕೊಳ್ಳಲಾಗಿದೆ. ‘ಮಿಂಚಿನ ಗಾಲಿ’ ಕಾರು ಓಟದ ಮೊದಲ ಭಾಗದಲ್ಲಿ ಸತತವಾಗಿ ಗೆದ್ದ ಶ್ರೀ ದಾಮೋದರ ಅವರ ಮೇಜಿನ ಮೇಲೆಯೇ ಸದರಿ ಕಪ್ ಇರುತ್ತದೆ. ಈಗ ಎರಡನೇ ಭಾಗ ಬಂದಿರುತ್ತದೆ. ಅದು ಕೀಳೆಂದಾದಲ್ಲಿ ಈ ಸಲದ ಪಂದ್ಯ ಹಳೆಯದರಲ್ಲೇ ನಡೆಯತಕ್ಕದ್ದು; ಮೇಲೆಂದಾದಲ್ಲಿ ಹೊಸದರಲ್ಲಿ. ತೀರ್ಮಾನಿಸುವ ಅಧಿಕಾರವೂ ಶ್ರೀ ದಾಮೋದರ ಅವರದೇ ಆಗಿದ್ದು, ಇದರಲ್ಲಿ ಯಾವುದೇ ಪಕ್ಷಪಾತ ಇಲ್ಲವೆಂದು ಅವರೇ ದೃಢೀಕರಿಸಿರುತ್ತಾರೆ.

೧. ಮೊದಲ ಭಾಗದ ರಸ್ತೆ ಮರುಭೂಮಿಯಲ್ಲಿ ನೇರವಾಗಿ ಹೋಗುತ್ತಿತ್ತು. ಎದುರಿನಿಂದ ನರಪಿಳ್ಳೆಯೂ ಬರುತ್ತಿರಲಿಲ್ಲ. ಎರಡನೆಯದರಲ್ಲಿ ಬೆಟ್ಟ, ಮಂಜು, ತಿರುವು ಮತ್ತು ಎದುರು ವಾಹನಗಳನ್ನು ಅನಗತ್ಯವಾಗಿ ಸೇರಿಸಲಾಗಿದೆ. ಮಂಜು ಬಹಳ ಚೆನ್ನಾಗಿ ಬಂದಿದೆ ಎಂದು ಯಾರೂ ಶ್ರೀ ದಾಮೋದರ ಅವರ ಕಿವಿಗೆ ಬೀಳುವಂತೆ ಹೇಳತಕ್ಕದ್ದಲ್ಲ.

೨. ಇಷ್ಟೊಂದು ತಿರುವು ಕೊಟ್ಟವರು ಒಂದು ಹಾರ್ನನ್ನೂ ಕೊಟ್ಟಿರುವುದಿಲ್ಲ. ಕುಸಿತಕ್ಕೆ ಇದೇ ಮುಖ್ಯ ಸಾಕ್ಷ್ಯ. ಹಾರ್ನ್ ಒದಗುವವರೆಗೆ ಪ್ರತಿ ತಿರುವಿನಲ್ಲೂ ಆಟಗಾರರು ಬಾಯಿಂದಲೇ ‘ಪೋಂ’ ಎನ್ನತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಗಂಟಲು ಕೆಟ್ಟವರು ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿ, ‘ಪೋಂ’ ಎನ್ನಲು ಬದಲಿ ಸಿಬ್ಬಂದಿಯನ್ನು ಕೋರಬಹುದು.

೩. ಪ್ರಾಯೋಗಿಕ ಓಟದಲ್ಲಿ, ವಾರ ವಾರ ಕಳಸಕ್ಕೆ ಘಾಟಿ ರಸ್ತೆಯಲ್ಲಿ ಓಡಾಡುವ ಶ್ರೀ ದಾಮೋದರ ಅವರು, ಎದುರಿಗೆ ಏರು ಹತ್ತಿ ಬರುತ್ತಿದ್ದ ಪ್ರತಿ ವಾಹನಕ್ಕೂ ಬದಿಗೆ ನಿಂತು ದಾರಿ ಬಿಟ್ಟಿರುತ್ತಾರೆ. ಪೇಟೆಯಲ್ಲಿ ಸ್ಕೂಟರ್ ಓಡಿಸುವ, ಈವರೆಗೆ ಯಾರಿಗೂ ದಾರಿ ಬಿಟ್ಟ ದಾಖಲೆ ಇಲ್ಲದ ಗುಮಾಸ್ತೆ ಶ್ರೀಮತಿ ಸುಶೀಲಾ ಅವರು ಅಷ್ಟರೊಳಗೆ ಓಟ ಮುಗಿಸಿ, ಕಾಫಿಯನ್ನೂ ಮುಗಿಸಿರುತ್ತಾರೆ.

೪. ಆ ಸಮಯದ ಮಾತುಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.
ಶ್ರೀಮತಿ ಸುಶೀಲಾ: “ಸಾರ್, ಆ ಗಾಡಿಯೊಳಗೆ ಯಾರೂ ಇಲ್ಲ ಸಾರ್. ಯಾರಿಗೆ ಸೈಡ್ ಕೊಡ್ತಿದೀರಾ?”
ಶ್ರೀ ದಾಮೋದರ: “ಹತ್ತೋ ಗಾಡಿ ಕಣ್ರೀ. ಒಂದ್ಸಲ ನಿಲ್ಸಿದ್ರೆ ಮತ್ತೆ ಎತ್ತೋದು ಕಷ್ಟ, ಪಾಪ.”
ಅವರ ಗೆಳೆಯ, ನಗದು ಶಾಖೆಯ ಶ್ರೀ ದಿಲೀಪ್: “ಪಾಪ ಆಮೇಲೆ ನೋಡಣ ಮಾರಾಯ, ಕಪ್ ಹೋಗ್ತದೆ, ಹೊರಡು!”

೫. ಕೀಳೆಂಬ ತೀರ್ಮಾನಕ್ಕೆ ಸಹಿ ಬೀಳುವ ಮುನ್ನ ಶ್ರೀಮತಿ ಸುಶೀಲಾ ಅವರು, “ಯಾರಿಗೂ ಸೈಡ್ ಕೊಡದೆ ಒಂದೇ ಒಂದ್ಸಲ ಓಡ್ಸಿ ಸಾರ್. ಆಮೇಲೂ ಕೆಟ್ಟದಾಗಿದೆ ಅಂದ್ರೆ ಹಳೇದೇ ಆಡಣ” ಎಂದು ಕೋರಿದ್ದು, ಕೋರಿಕೆಯನ್ನು ಮನ್ನಿಸಲಾಗಿದೆ.

೬. ಸದರಿ ಓಟದಲ್ಲಿ ಶ್ರೀ ದಾಮೋದರ ಅವರು ಹಲ್ಲು ಕಚ್ಚಿಕೊಂಡು ಮುನ್ನಡೆದು, ಕೊನೆಯ ತಿರುವಿನಲ್ಲಿ ಒಂದು ಬಸ್ಸು ಏದುಸಿರು ಬಿಡುತ್ತ ಹತ್ತಿ ಬರಲಾಗಿ, ತಡೆಯಲಾರದೆ ಬದಿಗೆ ನಿಂತಿರುತ್ತಾರೆ. ಆಗ ಬಸ್ಸಿನ ಚಾಲಕನು ದಾರಿ ಬಿಟ್ಟಿದ್ದಕ್ಕೆ ವಂದನೆಯಾಗಿ ಕಿಟಕಿಯಿಂದ ಕೈ ಎತ್ತಿರುತ್ತಾನೆ. ಶ್ರೀ ದಾಮೋದರ ಅವರೂ ಒತ್ತಿ ಹಿಡಿದಿದ್ದ ಬ್ರೇಕಿನ ಗುಂಡಿಯನ್ನು ಬಿಟ್ಟು ಕೈ ಎತ್ತಿರುತ್ತಾರೆ. ತತ್ಪರಿಣಾಮ ಕಾರು ಕಣಿವೆಗೆ ಬಿದ್ದಿರುತ್ತದೆ.

೭. ಮೊದಲ ಭಾಗದಲ್ಲಿ ಅಷ್ಟು ವರ್ಷ ಓಡಿಸಿದರೂ ಯಾರೊಬ್ಬರೂ ಕೈ ಎತ್ತಿರಲಿಲ್ಲ ಎಂಬುದನ್ನು ಶ್ರೀ ದಾಮೋದರ ಅವರು ಪರಿಶೀಲಿಸಿರುತ್ತಾರೆ. ಆದುದರಿಂದ ಎರಡನೇ ಭಾಗವೇ ಮೇಲೆಂದು ಆದೇಶಿಸಲಾಗಿದೆ. ಪಂದ್ಯ ಅದರಲ್ಲೇ ನಡೆದಿದ್ದು, ಶ್ರೀಮತಿ ಸುಶೀಲಾ ಅವರು ಗೆದ್ದಿರುತ್ತಾರೆ. ಶ್ರೀ ದಾಮೋದರ ಅವರು ಎಲ್ಲರಿಗೂ ದಾರಿ ಬಿಟ್ಟು ಕೊನೆಯವರಾಗಿ ತಲುಪಿರುತ್ತಾರೆ.

ಸಹಿ/-
(ದಾಮೋದರ)
ಅಧೀಕ್ಷಕರು ಹಾಗೂ ಮಾಜಿ ವಿಜೇತರು

ಪ್ರತಿಗಳು:
೧. ಶ್ರೀಮತಿ ಸುಶೀಲಾ: ಮಾಹಿತಿಗಾಗಿ. ಮಾಹಿತಿ ಅವರಲ್ಲಿ ಮೊದಲೇ ಇರುತ್ತದೆ.
೨. ಶ್ರೀ ದಿಲೀಪ್, ನಗದು ಶಾಖೆ: ನಗುವುದನ್ನು ನಿಲ್ಲಿಸುವಂತೆ ಕೋರಿ.
೩. ಆಟ ತಯಾರಿಸಿದವರು: ವಿಳಾಸ ಸಿಕ್ಕ ಕೂಡಲೇ.
೪. ಹೆಚ್ಚುವರಿ ಪ್ರತಿ: ಅಧೀಕ್ಷಕರ ಮೇಜಿನ ಮೇಲೆ ಕಪ್ ಇದ್ದ ಜಾಗದ ದುಂಡು ಗುರುತನ್ನು ಮುಚ್ಚಲು. ಮುಚ್ಚಲಾಗಿದೆ.